ನನ್ನ ಕುತ್ತಿಗೆ ನೋವು ಮತ್ತು ಎಂಟನೇ ಶತಮಾನದ ಒಬ್ಬ ಸಂಪಾದಕ

“ಈಗ ಚಳಿಗಾಲ. ರಾತ್ರಿ ಬೇಗ ಮಲಗಿ, ಬೆಳಗ್ಗೆ ತಡವಾಗಿ ಏಳಿ. ಬಿಸಿಲು ಬರುವ ತನಕ ಹಾಸಿಗೆ ಬಿಡಬೇಡಿ” ಅಂದರು ಚೀನೀ ವೈದ್ಯರು. ತಿಂಗಳು ಡಿಸೆಂಬರ್, ಅದೇನೋ ಸರಿ. ಆದರೆ ನಾವು ಕೂತಿದ್ದದ್ದು ಸಿಂಗಪುರದಲ್ಲಿ, ಭೂಮಧ್ಯರೇಖೆಯಿಂದ ಒಂದೇ ಒಂದು ಡಿಗ್ರಿ ಉತ್ತರಕ್ಕಿರುವ ಊರಿನಲ್ಲಿ. ಇಲ್ಲಿ ಡಿಸೆಂಬರ್ ಅಂದರೆ ಮಳೆ ಜಾಸ್ತಿ, ಅಷ್ಟೇ. ಸೂರ್ಯ ವರ್ಷವಿಡೀ ಏಳು ಗಂಟೆಯ ಆಚೀಚೆಗೇ ಹುಟ್ಟುತ್ತಾನೆ. ನಾನು ಬಸ್ ಸ್ಟಾಪಿನಿಂದ ನಡೆದು ಬಂದು ಬೆವರು ಒರೆಸಿಕೊಳ್ಳುತ್ತಿದ್ದೆ. “ಇಲ್ಲಿ ಚಳಿಗಾಲ ಎಲ್ಲಿದೆ ಡಾಕ್ಟ್ರೇ?” ಎಂದು ಕೇಳಿದೆ. ಅವರು ನಗಲಿಲ್ಲ. “ನಿಮ್ಮ ಆಫೀಸಿನಲ್ಲಿದೆ” ಎಂದರು. “ಬೆಳಗ್ಗಿಂದ ಸಂಜೆ ತನಕ ಏಸಿ ಗಾಳಿ ಕುತ್ತಿಗೆ ಮೇಲೆ ಬೀಳುತ್ತೆ. ಕುತ್ತಿಗೆ ಹಿಡಿದುಕೊಳ್ಳದೆ ಇನ್ನೇನಾಗುತ್ತೆ?”

ಅದೊಂದು ವಸತಿ ಕಟ್ಟಡದ ಕೆಳಗಿನ ಪುಟ್ಟ ಕ್ಲಿನಿಕ್. ಗೋಡೆ ತುಂಬ ಸಣ್ಣ ಸಣ್ಣ ಮರದ ಡ್ರಾಯರ್‌ಗಳು. ಒಳಗೆ ಕಾಲಿಟ್ಟರೆ ನಮ್ಮೂರ ಗ್ರಂಥಿಗೆ ಅಂಗಡಿಯದೇ ವಾಸನೆ. ನನಗಿಂತ ಮೊದಲು ಒಳಗೆ ಹೋಗಿ ಬಂದಿದ್ದ ಟ್ಯಾಕ್ಸಿ ಡ್ರೈವರ್ ಅಂಕಲ್ ಒಬ್ಬರು ಪುಡಿಯ ಪೊಟ್ಟಣಕ್ಕಾಗಿ ಕಾಯುತ್ತಿದ್ದರು. ಅವರಿಗೂ ಇದೇ ಉಪದೇಶ ಆಗಿತ್ತಂತೆ. ಅವರದು ರಾತ್ರಿ ಪಾಳಿ. “ರಾತ್ರಿ ಮಲಗಿದ್ರೆ ಗಾಡಿ ಬಾಡಿಗೆ ಯಾರು ಕಟ್ಟುತ್ತಾರೆ?” ಎಂದು ನನ್ನ ಕಡೆ ತಿರುಗಿ ನಕ್ಕರು. ಇಲ್ಲಿ ಬಹಳಷ್ಟು ಡ್ರೈವರ್‌ಗಳಿಗೆ ಸ್ವಂತ ಟ್ಯಾಕ್ಸಿ ಇಲ್ಲ. ಕಂಪನಿಗೆ ದಿನಬಾಡಿಗೆ ಕಟ್ಟಿ ಓಡಿಸುತ್ತಾರೆ. ಗಾಡಿ ನಿಂತರೂ ಬಾಡಿಗೆ ನಿಲ್ಲುವುದಿಲ್ಲ.

ಕುತ್ತಿಗೆ ನೋವು ಆಮೇಲೆ ಹೋಯಿತು. ಚಳಿಗಾಲದ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ. ಮಂಜು ಬೀಳುವ ಉತ್ತರ ಚೀನಾದ ಹೊಲದಲ್ಲಿ ಹುಟ್ಟಿದ ಬುದ್ಧಿವಾದ ಅದು. ಮಳೆಕಾಡಿನ ದ್ವೀಪಕ್ಕೆ ಬಂದಿದೆ. ರಾತ್ರಿಯೆಲ್ಲ ಟ್ಯಾಕ್ಸಿ ಓಡಿಸುವವರಿಗೆ, ದಿನವೆಲ್ಲ ಕಂಪ್ಯೂಟರ್ ನೋಡುವವರಿಗೆ ಒಂದೇ ಧಾಟಿಯಲ್ಲಿ ಹೇಳಲಾಗುತ್ತಿದೆ. ಕೇಳಿದರೆ ಇದು ದಾವೋ ಎನ್ನುತ್ತಾರೆ, ಪ್ರಕೃತಿಯ ದಾರಿ. ಹಾಗಾದರೆ ಈ ವೈದ್ಯದಲ್ಲಿ ದಾವೋ ಇರುವುದು ನಿಜವಾಗಿ ಎಲ್ಲಿ? ನೆರಳು-ಬೆಳಕಿನ ಹಾಗೆ ಜೋಡಿಯಾದ ಯಿನ್, ಯಾಂಗ್, ಮೈಯಲ್ಲಿ ಹರಿಯುವ ಪ್ರಾಣಶಕ್ತಿ ಚೀ, ಮರ-ಬೆಂಕಿ-ಮಣ್ಣು-ಲೋಹ-ನೀರು ಎಂಬ ಪಟ್ಟಿ, ಇದೆಲ್ಲ ನಿಮಗೂ ಗೊತ್ತು, ಬಿಡಿ. ಯಾವ ಕ್ಲಿನಿಕ್ಕಿನ ಗೋಡೆ ಮೇಲಾದರೂ ಸಿಗುತ್ತದೆ. ನನಗೆ ಅನುಮಾನ ಬಂದದ್ದೇ ಅಲ್ಲಿ. ಗೋಡೆ ಮೇಲಿನ ಪಟ್ಟಿಗೂ ದಾವೋ ಚಿಂತನೆಯ ಮೂಲಪುರುಷ ಎನ್ನುವ ಲಾವೋತ್ಸುವಿಗೂ ಏನು ಸಂಬಂಧ?

ಒಂಬತ್ತನೇ ಸುರುಳಿಯಿಂದ ಮೊದಲ ಪುಟಕ್ಕೆ

ಬೇಗ ಮಲಗಿ, ತಡವಾಗಿ ಏಳಿ ಎಂಬ ಮಾತು ವೈದ್ಯರ ಸ್ವಂತದ್ದಲ್ಲ. ಎರಡು ಸಾವಿರ ವರ್ಷ ಹಳೆಯದು. ಚೀನೀ ವೈದ್ಯದ ಮೂಲಗ್ರಂಥ ‘ಹುವಾಂಗ್‌ದಿ ನೇಯ್‌ಜಿಂಗ್’. ಅದರ ಮೊದಲ ಭಾಗಕ್ಕೆ ‘ಸುವೆನ್’ ಎಂದು ಹೆಸರು. ಅದರ ಎರಡನೇ ಅಧ್ಯಾಯದಲ್ಲಿ ಇದು ಬರುತ್ತದೆ. ವಸಂತದಲ್ಲಿ ಬೇಗ ಎದ್ದು ಕೂದಲು ಬಿಚ್ಚಿಕೊಂಡು ಅಂಗಳದಲ್ಲಿ ಓಡಾಡಬೇಕು. ಬೇಸಿಗೆಯಲ್ಲಿ ಬಿಸಿಲಿಗೆ ಬೇಸರ ಪಡಬಾರದು. ಶರತ್ಕಾಲದಲ್ಲಿ ಕೋಳಿಯ ಜೊತೆ ಏಳಬೇಕು. ಚಳಿಗಾಲದಲ್ಲಿ ಬಿಸಿಲಿಗಾಗಿ ಕಾಯಬೇಕು. ಅದೇ ಅಧ್ಯಾಯದ ಕೊನೆಯಲ್ಲಿ ತುಂಬ ಹೆಸರಾದ ಒಂದು ಮಾತಿದೆ. ಜ್ಞಾನಿಗಳು ಬಂದ ಕಾಯಿಲೆಗೆ ಮದ್ದು ಮಾಡುವುದಿಲ್ಲ, ಇನ್ನೂ ಬಾರದ ಕಾಯಿಲೆಗೆ ಮಾಡುತ್ತಾರೆ. ಕಾಯಿಲೆ ಬಲಿತ ಮೇಲೆ ಮದ್ದು ಕೊಡುವುದು ಬಾಯಾರಿದ ಮೇಲೆ ಬಾವಿ ತೋಡಿದ ಹಾಗೆ, ಕಾದಾಟ ಶುರುವಾದ ಮೇಲೆ ಆಯುಧ ಎರಕ ಹೊಯ್ದ ಹಾಗೆ.

ಅದಕ್ಕಿಂತ ಮುಂಚಿನದು ಮೊದಲ ಅಧ್ಯಾಯ. ಅಲ್ಲಿ ಹಳದಿ ಚಕ್ರವರ್ತಿ ಹುವಾಂಗ್‌ದಿ ತನ್ನ ವೈದ್ಯ ಚೀ ಬೋನನ್ನು ಕೇಳುತ್ತಾನೆ. ಹಿಂದಿನ ಕಾಲದ ಜನ ನೂರು ವರ್ಷ ಬದುಕಿದರೂ ಓಡಾಡಿಕೊಂಡು ಗಟ್ಟಿಯಾಗಿದ್ದರಂತೆ. ಈಗಿನವರು ಐವತ್ತಕ್ಕೇ ಬಸವಳಿಯುತ್ತಾರೆ. ಕಾಲ ಬದಲಾಯಿತೇ, ಇಲ್ಲಾ ಜನರೇ ದಾರಿ ತಪ್ಪಿದರೇ? ಚೀ ಬೋ ಹೇಳುತ್ತಾನೆ: ಹಿಂದಿನವರಿಗೆ ದಾವೋ ಗೊತ್ತಿತ್ತು. ಯಿನ್ ಯಾಂಗ್ ನೋಡಿ ನಡೆದರು, ಊಟದಲ್ಲಿ ಮಿತಿ ಇತ್ತು, ಏಳುವುದಕ್ಕೆ ಮಲಗುವುದಕ್ಕೆ ಹೊತ್ತಿತ್ತು, ಸುಮ್ನೆ ಮೈ ದಂಡಿಸಲಿಲ್ಲ. ಈಗಿನವರು ಹೆಂಡವನ್ನು ನೀರಿನ ಹಾಗೆ ಕುಡಿಯುತ್ತಾರೆ, ಕುಡಿದು ಹಾಸಿಗೆಗೆ ಹೋಗುತ್ತಾರೆ, ಆಸೆಗೆ ಬಿದ್ದು ಮೈಯ ಸತ್ವವನ್ನು ಬರಿದು ಮಾಡಿಕೊಳ್ಳುತ್ತಾರೆ. ಮನಸ್ಸು ತಣ್ಣಗೆ, ಖಾಲಿಯಾಗಿ ಇದ್ದರೆ ನಿಜವಾದ ಚೀ ತಾನಾಗಿ ಹಿಂದೆ ಬರುತ್ತದೆ. ಕಾಯಿಲೆ ಎಲ್ಲಿಂದ ಬರಬೇಕು?

ಇದನ್ನು ಓದಿದ ಯಾರಿಗಾದರೂ ಈ ವೈದ್ಯದ ಅಡಿಪಾಯ ದಾವೋ ಎನ್ನುವುದರಲ್ಲಿ ಸಂಶಯ ಉಳಿಯುವುದಿಲ್ಲ. ಗ್ರಂಥದ ಬಾಗಿಲಲ್ಲೇ ಲಾವೋತ್ಸುವಿನ ದನಿ ಕೇಳಿಸುತ್ತದೆ. ಆದರೆ ಬಾಗಿಲು ಅಲ್ಲಿರಲಿಲ್ಲ.

ನಾವು ಇವತ್ತು ಓದುವ ಸುವೆನ್ ಅನ್ನು ಜೋಡಿಸಿದವನು ಟಾಂಗ್ ರಾಜವಂಶದ ಕಾಲದ ವಾಂಗ್ ಬಿಂಗ್. ತನ್ನ ಕೆಲಸಕ್ಕೆ ಅವನು ಮುನ್ನುಡಿ ಬರೆದದ್ದು 762ರಲ್ಲಿ. ಅವನಿಗಿಂತ ಮುಂಚೆ, ಆರನೇ ಶತಮಾನದಲ್ಲಿ, ಚುವಾನ್ ಯುವಾನ್‌ಚೀ ಎಂಬವನು ಟಿಪ್ಪಣಿ ಬರೆದ ಪ್ರತಿಯೊಂದಿತ್ತು. ಅದರಲ್ಲಿ ಈ ನೂರು ವರ್ಷದ ಅಧ್ಯಾಯ ಇದ್ದದ್ದು ಒಂಬತ್ತನೇ ಸುರುಳಿಯಲ್ಲಿ. ಅಂದರೆ ಎಲ್ಲೋ ಹಿಂದೆ, ಹತ್ತರ ಜೊತೆ ಹನ್ನೊಂದು. ವಾಂಗ್ ಬಿಂಗ್ ಅದನ್ನು ಎತ್ತಿ ತಂದು ತಲೆಬಾಗಿಲಲ್ಲಿ ಕೂರಿಸಿದ. ಅವನು ದಾವೋ ಪಂಥದವನು. ತನಗೆ ಇಟ್ಟುಕೊಂಡ ಬಿರುದು ಕೂಡ ಆ ಪಂಥದ್ದೇ. ಮುಂದೆ ಹನ್ನೊಂದನೇ ಶತಮಾನದಲ್ಲಿ ಸೋಂಗ್ ದೊರೆಗಳ ಆಸ್ಥಾನ ವಿದ್ವಾಂಸರು ಗ್ರಂಥವನ್ನು ಪರಿಷ್ಕರಿಸಿದಾಗ ಈ ಸ್ಥಳಾಂತರವನ್ನು ಗುರುತಿಸಿ ಬರೆದಿಟ್ಟರು. ಇಲ್ಲದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ವಾಂಗ್ ಬಿಂಗ್ ಮೋಸ ಮಾಡಿದ ಅಂತ ನಾನು ಹೇಳುತ್ತಿಲ್ಲ. ಅವನು ಪ್ರಾಮಾಣಿಕ ಮನುಷ್ಯ. ತಾನು ಸೇರಿಸಿದ ಪ್ರತಿ ಅಕ್ಷರವನ್ನೂ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ, ಹಳೆಯದು ಯಾವುದು ಹೊಸದು ಯಾವುದು ಎಂದು ತಿಳಿಯಲಿ ಎಂದು ಮುನ್ನುಡಿಯಲ್ಲೇ ಹೇಳುತ್ತಾನೆ. ಮುಂದೆ ನಕಲು ಮಾಡಿದವರ ಕೈಯಲ್ಲಿ, ಅಚ್ಚು ಹಾಕಿದವರ ಕೈಯಲ್ಲಿ ಕೆಂಪೂ ಕಪ್ಪೂ ಒಂದಾಗಿಬಿಟ್ಟವು. ಲೆಕ್ಕದ ಬಗ್ಗೆಯೂ ಅವನಿಗೆ ಕಾಳಜಿ. ಒಂಬತ್ತೊಂಬತ್ಲೆ ಎಂಬತ್ತೊಂದು ಅಧ್ಯಾಯ ಇರಲೇಬೇಕು. ಲಾವೋತ್ಸುವಿನ ಪುಸ್ತಕದಲ್ಲೂ ಅಷ್ಟೇ ಇವೆ. ಎರಡು ಅಧ್ಯಾಯಗಳ ಪಾಠ ಕಳೆದುಹೋಗಿತ್ತು. ಅವುಗಳ ಹೆಸರಷ್ಟೇ ಉಳಿಸಿಕೊಂಡು 81 ಎಂದು ಲೆಕ್ಕ ಮುಚ್ಚಿದ. ಈ ಕೆಲಸಕ್ಕೆ ಹನ್ನೆರಡು ವರ್ಷ ಹಿಡಿಯಿತು ಎನ್ನುತ್ತಾನೆ. ಆ ವರ್ಷಗಳನ್ನು ಸ್ವಲ್ಪ ನೋಡಿ. 755ರಲ್ಲಿ ಆನ್ ಲುಶಾನ್ ಎಂಬ ಸೇನಾಪತಿ ದಂಗೆ ಎದ್ದು ರಾಜಧಾನಿಯೇ ಕೈತಪ್ಪಿತ್ತು. ಯುದ್ಧ ಮುಗಿದದ್ದು 763ರಲ್ಲಿ. ದೇಶ ಹೊತ್ತಿ ಉರಿಯುವಾಗ ಒಬ್ಬ ಮನುಷ್ಯ ಹಳೆಯ ಸುರುಳಿಗಳ ಮುಂದೆ ಕೂತು, ಶಾಂತವಾಗಿ ಖಾಲಿಯಾಗಿ ಇರಿ ಎಂಬ ಪಾಠವನ್ನು ಎಲ್ಲಕ್ಕಿಂತ ಮುಂದೆ ಇಡುತ್ತಾನೆ. ಕಾದಾಟ ಶುರುವಾದ ಮೇಲೆ ಆಯುಧ ಎರಕ ಹೊಯ್ದ ಹಾಗೆ ಎಂಬ ಸಾಲನ್ನು ನಕಲು ಮಾಡುವಾಗ ಅವನ ಕೈ ಒಂದು ಕ್ಷಣವಾದರೂ ನಿಂತಿರಬೇಕು ಅಂತ ನನಗೆ ಅನ್ನಿಸುತ್ತದೆ.

ಅವತ್ತಿನಿಂದ ಇವತ್ತಿನ ತನಕ ಆ ಗ್ರಂಥ ತೆರೆದವರೆಲ್ಲ ಮೊದಲು ಓದಿದ್ದು ಅವನು ಆರಿಸಿದ ಪುಟವನ್ನು.

ಒಂದೇ ಗೋರಿಯಲ್ಲಿ ಇಬ್ಬರೂ

ವಾಂಗ್ ಬಿಂಗ್ ಇಲ್ಲದಿದ್ದರೆ ಈ ವೈದ್ಯಕ್ಕೂ ದಾವೋಗೂ ಸಂಬಂಧವೇ ಇರಲಿಲ್ಲವೇ? ಹಾಗೂ ಹೇಳಲಾಗದು. 1973ರಲ್ಲಿ ಹುನಾನ್ ಪ್ರಾಂತ್ಯದ ಚಾಂಗ್‌ಶಾ ಹತ್ತಿರ, ಮಾವಾಂಗ್‌ದ್ವೇ ಎಂಬಲ್ಲಿ ಮೂರನೇ ಗೋರಿಯನ್ನು ಅಗೆದರು. ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಗೋರಿ. ಒಳಗೆ ರೇಷ್ಮೆಯ ಮೇಲೆ ಬರೆದ ಲಾವೋತ್ಸುವಿನ ಪುಸ್ತಕದ ಎರಡು ಪ್ರತಿಗಳಿದ್ದವು. ಅದೇ ಗೋರಿಯಲ್ಲಿ ವೈದ್ಯದ ಹಸ್ತಪ್ರತಿಗಳೂ ಇದ್ದವು. ಜೊತೆಗೆ 44 ಜನರ ಚಿತ್ರವಿರುವ ಒಂದು ಹಾಳೆ. ಗಂಡಸರು, ಹೆಂಗಸರು, ಮುದುಕರು ಬಗ್ಗಿ, ಬಾಗಿ, ಕೈಚಾಚಿ ಅಂಗಸಾಧನೆ ಮಾಡುತ್ತಿದ್ದಾರೆ. ಸತ್ತವನು ದೊಡ್ಡ ಮನೆತನದ ಯುವಕ. ಅವನ ಜೊತೆ ಕಳಿಸಲೇಬೇಕಾದ ಓದು ಎಂದು ಇವೆಲ್ಲವನ್ನೂ ಯಾರೋ ಒಟ್ಟಿಗೆ ಕಟ್ಟಿದ್ದಾರೆ.

ಆದರೆ ಆ ವೈದ್ಯದ ಪುಟಗಳನ್ನು ಬಿಡಿಸಿ ನೋಡಿದರೆ ಗೋಡೆಯ ಪಟ್ಟಿ ಅಲ್ಲಿಲ್ಲ. ಚೀ ಹರಿಯುವ ನಾಡಿಗಳು ಹನ್ನೆರಡು ಎಂದು ಈಗ ಎಲ್ಲರೂ ಹೇಳುತ್ತಾರಲ್ಲ, ಅಲ್ಲಿ ಹನ್ನೊಂದೇ. ಸೂಜಿಯ ಸುದ್ದಿಯೇ ಇಲ್ಲ, ಬರೀ ಸುಡುವ ಚಿಕಿತ್ಸೆ. ಐವತ್ತೆರಡು ಕಾಯಿಲೆಗಳ ಮದ್ದಿನ ಪಟ್ಟಿಯಲ್ಲಿ ಗಿಡಮೂಲಿಕೆಯ ಪಕ್ಕದಲ್ಲೇ ಮಂತ್ರ, ಉಗುಳುವುದು, ಮೂರು ಹೆಜ್ಜೆ ಹಾಕಿ ದೆವ್ವವನ್ನು ಗದರಿಸುವುದು ಎಲ್ಲ ಇದೆ. ಅಂದರೆ ಲಾವೋತ್ಸುವೂ ವೈದ್ಯವೂ ನೆರೆಹೊರೆಯಲ್ಲಿದ್ದರು, ನಿಜ. ಒಂದೇ ಮನೆಯಲ್ಲಿ ಇನ್ನೂ ಇರಲಿಲ್ಲ.

ಯಿನ್-ಯಾಂಗ್ ಮತ್ತು ಐದು ತತ್ವಗಳ ಪಟ್ಟಿಗೆ ಬೇರೆಯೇ ವಂಶಾವಳಿ ಇದೆ. ಕ್ರಿಸ್ತಪೂರ್ವ ಮೂರನೇ ಶತಮಾನದ ಝೌ ಯೆನ್ ಎಂಬ ಚಿಂತಕನ ಹೆಸರು ಅದಕ್ಕೆ ಅಂಟಿಕೊಂಡಿದೆ. ಒಂದು ರಾಜವಂಶ ಬಿದ್ದು ಇನ್ನೊಂದು ಏಳುವುದನ್ನು ಆ ಐದು ತತ್ವಗಳಿಂದ ವಿವರಿಸಿದವನು ಅವನು. ಹಾನ್ ಕಾಲದ ಆಸ್ಥಾನ ಇತಿಹಾಸಕಾರ ಸಿಮಾ ತಾನ್ ಅಂದಿನ ಚಿಂತನೆಯನ್ನು ಆರು ಪಂಥಗಳಾಗಿ ವಿಂಗಡಿಸಿದಾಗ ದಾವೋ ಪಂಥಕ್ಕೆ ಒಂದು ಸ್ಥಾನ ಕೊಟ್ಟ, ಯಿನ್-ಯಾಂಗ್ ಪಂಥಕ್ಕೆ ಬೇರೆ ಸ್ಥಾನ ಕೊಟ್ಟ. ಇನ್ನು ಸುವೆನ್‌ನ ಎಂಟನೇ ಅಧ್ಯಾಯ ನೋಡಿ. ಅಲ್ಲಿ ದೇಹ ಅಂದರೆ ಒಂದು ಸರ್ಕಾರ. ಹೃದಯ ದೊರೆ. ಶ್ವಾಸಕೋಶ ಮಂತ್ರಿ. ಪಿತ್ತಜನಕಾಂಗ ಸೇನಾಪತಿ. ಜಠರ ಮತ್ತು ಗುಲ್ಮ ಉಗ್ರಾಣದ ಅಧಿಕಾರಿಗಳು. ದೊಡ್ಡ ಕರುಳು ಸಾಗಾಣಿಕೆ ಖಾತೆ. ದೊರೆ ಬೆಳಗಿದರೆ ಕೆಳಗಿನವರೆಲ್ಲ ನೆಮ್ಮದಿ. ಇದನ್ನು ಬರೆದವನು ಕಾಡಿಗೆ ಹೋದ ಸಾಧು ಇರಲಾರ. ತಾಲೂಕು ಕಚೇರಿಯಲ್ಲಿ ಕೂತು ದವಸದ ಲೆಕ್ಕ ಬರೆಯುತ್ತಿದ್ದವನೇ ಇರಬೇಕು. ಎಮ್ಮೆ ಏರಿ ಗಡಿ ದಾಟಿ ಹೋದ ಎನ್ನುವ ಲಾವೋತ್ಸುವಿಗೆ ಈ ಸಚಿವ ಸಂಪುಟ ಕಂಡಿದ್ದರೆ ನಗು ಬರುತ್ತಿತ್ತು.

ಹಾಗಾದರೆ ಪಟ್ಟಿಗಳೆಲ್ಲ ಸಾಮ್ರಾಜ್ಯದವು. ದಾವೋ ಇರುವುದು ಬೇರೆ ಕಡೆ, ಎಷ್ಟು ಕೈ ಹಾಕಬೇಕು ಎನ್ನುವ ಪ್ರಶ್ನೆಯಲ್ಲಿ. ಲಾವೋತ್ಸುವಿನ 77ನೇ ಅಧ್ಯಾಯ ಆಕಾಶದ ದಾರಿಯನ್ನು ಬಿಲ್ಲು ಬಗ್ಗಿಸುವುದಕ್ಕೆ ಹೋಲಿಸುತ್ತದೆ. ಮೇಲಿದ್ದದ್ದು ಕೆಳಗೆ ಬರುತ್ತದೆ, ಕೆಳಗಿದ್ದದ್ದು ಮೇಲೇಳುತ್ತದೆ. ಜಾಸ್ತಿ ಇದ್ದ ಕಡೆಯಿಂದ ತೆಗೆದು, ಕಡಿಮೆ ಇದ್ದ ಕಡೆ ತುಂಬುತ್ತದೆ. ಮನುಷ್ಯರ ದಾರಿ ಮಾತ್ರ ಉಲ್ಟಾ, ಇಲ್ಲದವರಿಂದ ಕಿತ್ತು ಇದ್ದವರಿಗೆ ಕೊಡುತ್ತದೆ ಎಂದು ಅಲ್ಲೇ ಕುಟುಕುತ್ತಾನೆ. ಸೂಜಿ ವೈದ್ಯದಲ್ಲಿ ಮಾಡುವುದೆಲ್ಲ ಕೊನೆಗೆ ಈ ಎರಡೇ. ತುಂಬಿದ್ದನ್ನು ಇಳಿಸುವುದು, ಖಾಲಿಯಾದದ್ದನ್ನು ತುಂಬುವುದು. ಹೊರಗಿನಿಂದ ಹೊಸದೇನನ್ನೂ ಹಾಕುವುದಿಲ್ಲ. ಇದ್ದದ್ದೇ ಸರಿದು ಕೂರುವ ಹಾಗೆ ಮಾಡುವುದು.

ಸಂದು ಹುಡುಕುವ ಕತ್ತಿ

ಕುತ್ತಿಗೆ ನೋವೆಂದು ಹೋದರೆ ವೈದ್ಯರು ಕುತ್ತಿಗೆ ಮುಟ್ಟಲೇ ಇಲ್ಲ. ಮೊದಲು ಪುಟ್ಟ ದಿಂಬಿನ ಮೇಲೆ ನನ್ನ ಮಣಿಕಟ್ಟು ಇಡಿಸಿ ಮೂರು ಬೆರಳಿಟ್ಟು ತುಂಬ ಹೊತ್ತು ಸುಮ್ಮನಿದ್ದರು. ಎಡಗೈ ಆಯಿತು, ಬಲಗೈ ಆಯಿತು. ನಾಲಿಗೆ ಚಾಚಿಸಿದರು. ನಿದ್ದೆ, ಮಲ, ಬಾಯಾರಿಕೆ, ಪಾದ ತಣ್ಣಗಿರುತ್ತದೋ ಬೆಚ್ಚಗಿರುತ್ತದೋ ಎಲ್ಲ ಕೇಳಿದರು. ಆಮೇಲೆ ನನ್ನ ಮುಂಗೈ ತಿರುಗಿಸಿ, ತೋರುಬೆರಳಿಗೂ ನಡುಬೆರಳಿಗೂ ಮಧ್ಯೆ ಮೂಳೆಗಳು ಕೂಡುವ ಸಂದನ್ನು ಹೆಬ್ಬೆರಳಿಂದ ಒತ್ತುತ್ತಾ ಹೋದರು. ಒಂದು ಕಡೆ ಒತ್ತಿದಾಗ ನಾನು ಹಾ ಅಂದೆ. ಅಲ್ಲಿಗೇ ಸೂಜಿ ಇಳಿಸಿದರು. ಚುಚ್ಚಿದ್ದು ಗೊತ್ತಾಗಲಿಲ್ಲ. ಆಮೇಲೆ ಒಂದು ಜೋಮು, ಒಂದು ಭಾರ ಮೊಣಕೈ ಕಡೆಗೆ ಏರಿತು. “ಈಗ ಕುತ್ತಿಗೆ ತಿರುಗಿಸಿ. ನಿಧಾನ. ನೋವು ಬಂದ ಕಡೆ ನಿಲ್ಲಿಸಿ, ಜಗಳ ಆಡಬೇಡಿ” ಎಂದರು. ತಿರುಗಿಸಿದೆ. ಬೆಳಗ್ಗೆ ಭುಜದ ತನಕವೂ ಹೋಗದಿದ್ದ ಗದ್ದ ಭುಜ ದಾಟಿತು.

ಆಗ ನೆನಪಾದದ್ದು ಹಳೆಯ ದಾವೋ ಚಿಂತಕ ಜುವಾಂಗ್‌ತ್ಸು ಹೇಳುವ ಅಡುಗೆಯವನ ಕಥೆ. ದಿಂಗ್ ಎಂಬ ಅಡುಗೆಯವನು ದೊರೆ ವೆನ್‌ಹ್ವೇಯ ಎದುರು ಎತ್ತು ಕಡಿಯುತ್ತಾನೆ. ಕತ್ತಿಯ ಸದ್ದು ಸಂಗೀತದ ಹಾಗೆ, ಮೈಯ ಚಲನೆ ಕುಣಿತದ ಹಾಗೆ. ದೊರೆ ಬೆರಗಾಗಿ ಕೇಳಿದರೆ ಅವನು ಹೇಳುತ್ತಾನೆ: ಸಾಧಾರಣ ಅಡುಗೆಯವರು ತಿಂಗಳಿಗೊಂದು ಕತ್ತಿ ಹಾಳು ಮಾಡುತ್ತಾರೆ, ಯಾಕೆಂದರೆ ಕಡಿಯುತ್ತಾರೆ. ಒಳ್ಳೆಯವರಿಗೆ ವರ್ಷಕ್ಕೊಂದು ಸಾಕು, ಅವರು ಕೊಯ್ಯುತ್ತಾರೆ. ನನ್ನ ಕತ್ತಿಗೆ ಹತ್ತೊಂಬತ್ತು ವರ್ಷ. ಸಾವಿರಾರು ಎತ್ತು ಬಿಡಿಸಿದೆ, ಈಗ ಸಾಣೆ ಹಿಡಿದ ಹಾಗಿದೆ. ಕೀಲುಗಳ ಮಧ್ಯೆ ಸಂದಿದೆ, ಕತ್ತಿಯ ಬಾಯಿಗೆ ದಪ್ಪವಿಲ್ಲ. ದಪ್ಪವಿಲ್ಲದ್ದು ಸಂದಿನಲ್ಲಿ ಹೋದರೆ ಆಡುವುದಕ್ಕೆ ಬೇಕಾದಷ್ಟು ಜಾಗ. ಸಿಕ್ಕಾದ ಕಡೆ ಬಂದಾಗ ನಿಧಾನ ಮಾಡುತ್ತೇನೆ, ಕತ್ತಿಯನ್ನು ಒಂಚೂರು ಆಡಿಸುತ್ತೇನೆ. ಮಣ್ಣಿನ ಹೆಂಟೆ ಉದುರಿದ ಹಾಗೆ ಎಲ್ಲ ಬಿಡಿಸಿಕೊಂಡು ಬೀಳುತ್ತದೆ. ಇದನ್ನು ಕೇಳಿ ದೊರೆ ಹೇಳುವುದು ಅಡುಗೆಯ ಮಾತಲ್ಲ. ಬದುಕನ್ನು ಪೋಷಿಸುವುದು ಹೇಗೆಂದು ಕಲಿತೆ ಎನ್ನುತ್ತಾನೆ. ಕಥೆ ಇರುವ ಅಧ್ಯಾಯದ ವಿಷಯವೂ ಅದೇ. ನನ್ನ ಪ್ರಕಾರ ಚೀನೀ ವೈದ್ಯದ ದಾವೋ ಇರುವುದು ಪಟ್ಟಿಗಿಂತ ಜಾಸ್ತಿ ಈ ಕತ್ತಿಯಲ್ಲಿ. ಮೂಳೆಯ ಜೊತೆ ಜಗಳ ಆಡದ ಕತ್ತಿ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಜರ್ಮನಿಯಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು, ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಬಹುಕಾಲದ ಬೆನ್ನುನೋವಿನ 1,162 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಶಾಸ್ತ್ರೋಕ್ತವಾಗಿ ಸೂಜಿ. ಇನ್ನೊಂದಕ್ಕೆ ಶಾಸ್ತ್ರದಲ್ಲಿ ಇಲ್ಲದ ಜಾಗಗಳಲ್ಲಿ, ಆಳಕ್ಕೆ ಇಳಿಸದೆ ಸೂಜಿ. ಮೂರನೆಯದಕ್ಕೆ ಮಾಮೂಲಿ ಮಾತ್ರೆ, ವ್ಯಾಯಾಮ. ಸುಧಾರಿಸಿದವರು ಕ್ರಮವಾಗಿ ಶೇಕಡ 47.6, 44.2, 27.4. ಎರಡು ಬಗೆಯ ಸೂಜಿಯೂ ಮಾಮೂಲಿ ಚಿಕಿತ್ಸೆಯನ್ನು ಸಲೀಸಾಗಿ ಹಿಂದೆ ಹಾಕಿದವು. ಆದರೆ ಸರಿಯಾದ ಜಾಗಕ್ಕೂ ತಪ್ಪು ಜಾಗಕ್ಕೂ ಹೇಳಿಕೊಳ್ಳುವ ವ್ಯತ್ಯಾಸವೇ ಕಾಣಲಿಲ್ಲ. ಭಕ್ತರು ಮೊದಲ ಸಂಖ್ಯೆ ಹಿಡಿದುಕೊಂಡು ಕುಣಿದರು, ವಿರೋಧಿಗಳು ಎರಡನೆಯದನ್ನು. ನನಗೆ ಇದರಲ್ಲಿ ಕಾಣುವುದು ಹೀಗೆ: ಎತ್ತಿನ ಸಂದುಗಳ ನಕ್ಷೆ ಅಲುಗಾಡಿದೆ, ಅಡುಗೆಯವನು ಮಾತ್ರ ಅಲುಗಾಡಿಲ್ಲ. ಮುಂಗೈಯ ಆ ಸಂದಿಗೆ ನನ್ನ ಕುತ್ತಿಗೆ ಬಿಟ್ಟುಕೊಟ್ಟಿತೋ, ಅಥವಾ ಒಬ್ಬರು ಮೂರು ಬೆರಳಿಟ್ಟು ಅಷ್ಟು ಹೊತ್ತು ಸುಮ್ಮನೆ ಕೂತದ್ದಕ್ಕೋ? ನಕ್ಷೆಯನ್ನೇ ದಾವೋ ಅಂದುಕೊಂಡವರಿಗೆ ಈ ಸಂಖ್ಯೆ ಕಹಿ. ಲಾವೋತ್ಸುವಿಗೆ ಕಹಿಯಾಗುತ್ತಿರಲಿಲ್ಲ ಅಂತ ಕಾಣುತ್ತದೆ.

ಸಾಯಲು ಒಪ್ಪದ ದಾವೋ

ಇಷ್ಟು ಹೊತ್ತು ಹೇಳಿದ್ದು ಕೈಬಿಡುವ ದಾವೋ. ಅದೇ ಹೆಸರಿನಲ್ಲಿ ಇನ್ನೊಂದಿದೆ, ಯಾವುದನ್ನೂ ಬಿಡಲು ಒಪ್ಪದ ದಾವೋ. ಬದುಕು ಅಂದರೆ ಚೀ ಕೂಡುವುದು, ಸಾವು ಅಂದರೆ ಚೆದುರುವುದು, ಅದಕ್ಕೇಕೆ ಚಿಂತೆ ಎನ್ನುತ್ತದೆ ಜುವಾಂಗ್‌ತ್ಸುವಿನ ಪುಸ್ತಕ. ಚೆದುರದ ಹಾಗೆ ಮಾಡಿದರೆ ಹೇಗೆ ಎಂದು ಕೇಳಿದರು ಮುಂದೆ ಬಂದವರು. ಪುರಾಣದ ದೊರೆ ಶೆನ್‌ನೋಂಗ್ ಹೆಸರಿನ ಹಳೆಯ ಮದ್ದಿನ ಗ್ರಂಥದಲ್ಲಿ 365 ಮದ್ದುಗಳಿವೆ, ಮೂರು ದರ್ಜೆಯಲ್ಲಿ. ಕಾಯಿಲೆ ವಾಸಿ ಮಾಡುವವು ಅತಿ ಕೆಳಗಿನ ದರ್ಜೆ, 125. ಮೇಲಿನ ದರ್ಜೆಯ 120 ಮದ್ದುಗಳ ಕೆಲಸವೇ ಬೇರೆ. ಮೈ ಹಗುರ ಮಾಡುವುದು, ಮುಪ್ಪು ತಡೆಯುವುದು. ಅವುಗಳಲ್ಲಿ ಮೊದಲನೆಯದು ಯಾವುದು ಗೊತ್ತಾ? ಇಂಗಳೀಕ. ಪಾದರಸ ಮತ್ತು ಗಂಧಕ ಕೂಡಿದ ಕೆಂಪು ಅದಿರು. ಕಾಯಿಸಿದರೆ ಬೆಳ್ಳಗಿನ ಪಾದರಸ ಬರುತ್ತದೆ, ಮತ್ತೆ ಗಂಧಕ ಕೂಡಿಸಿದರೆ ಕೆಂಪಿಗೆ ಮರಳುತ್ತದೆ. ಸತ್ತು ಹುಟ್ಟುವ ವಸ್ತು ಎಂದು ಅವರಿಗೆ ಕಂಡಿದ್ದರೆ ಆಶ್ಚರ್ಯವಿಲ್ಲ. ನಮ್ಮ ರಸವಾದಿಗಳಿಗೂ ಇದೇ ಹುಚ್ಚು ಹಿಡಿದಿತ್ತಲ್ಲ. ಫಲ ಮಾತ್ರ ಭಯಂಕರ. ಟಾಂಗ್ ದೊರೆಗಳಾದ ಮುಜೋಂಗ್ 824ರಲ್ಲಿ, ವುಜೋಂಗ್ 846ರಲ್ಲಿ, ಶ್ವೆನ್‌ಜೋಂಗ್ 859ರಲ್ಲಿ ಸತ್ತದ್ದು ಅಮರರಾಗಲು ನುಂಗಿದ ಗುಳಿಗೆಗಳಿಂದಲೇ ಎಂದು ಇತಿಹಾಸ ಹೇಳುತ್ತದೆ.

ಆಮೇಲೆ ಒಲೆ ಹೊರಗಿನಿಂದ ಮೈಯೊಳಗೆ ಬಂತು. ಉಸಿರು, ಧ್ಯಾನಗಳಿಂದಲೇ ಒಳಗೆ ರಸ ಪಾಕ ಮಾಡುವುದು. ಬೀಜಿಂಗಿನ ಬಿಳಿಮೋಡದ ದಾವೋ ಗುಡಿಯಲ್ಲಿ 1886ರಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ ಒಂದು ಚಿತ್ರವಿದೆ. ನನ್ನ ವೈದ್ಯರ ಕ್ಲಿನಿಕ್ಕಿನ ಗೋಡೆಯಲ್ಲೂ ಅದರ ಅಚ್ಚು ತೂಗುಹಾಕಿತ್ತು. ಪಕ್ಕಕ್ಕೆ ತಿರುಗಿ ಕೂತ ಮನುಷ್ಯನ ಮೈ ಒಂದು ಬೆಟ್ಟಗಾಡು. ತಲೆ ಪರ್ವತ. ಹೊಟ್ಟೆಯಲ್ಲಿ ಒಬ್ಬ ಎತ್ತು ಕಟ್ಟಿ ಉಳುತ್ತಿದ್ದಾನೆ. ಒಬ್ಬಳು ರಾಟೆ ಮುಂದೆ ಕೂತಿದ್ದಾಳೆ. ಬೆನ್ನಹುರಿಯ ಬುಡದಲ್ಲಿ ಇಬ್ಬರು ಮಕ್ಕಳು ನೀರೆತ್ತುವ ಚಕ್ರವನ್ನು ಕಾಲಿಂದ ತುಳಿಯುತ್ತಿದ್ದಾರೆ. ನೀರು ಮೇಲಕ್ಕೆ, ತಲೆಯ ಕಡೆಗೆ ಹರಿಯುತ್ತಿದೆ. ಸುವೆನ್‌ನ ಸರ್ಕಾರಕ್ಕಿಂತ ಈ ಹೊಲಗದ್ದೆ ನನಗೆ ಇಷ್ಟ. ಆದರೆ ಗಮನಿಸಿ, ನೀರು ಕೆಳಕ್ಕೆ ಹರಿಯುತ್ತದೆ ಅಂತ ಅದನ್ನು ಹೊಗಳಿದವನು ಲಾವೋತ್ಸು. ಅವನ ಮಕ್ಕಳು ಅದನ್ನು ಮೇಲಕ್ಕೆ ಹತ್ತಿಸುತ್ತಿದ್ದಾರೆ!

ಎರಡೂ ದಾವೋಗಳು ಒಬ್ಬನಲ್ಲೇ ಇದ್ದದ್ದೂ ಉಂಟು. ನಾಲ್ಕನೇ ಶತಮಾನದ ‘ಗೆ ಹೊಂಗ್’ ಎಂಬ ದಾವೋ ಪಂಡಿತ ಅಮರತ್ವದ ಗುಳಿಗೆಯ ಬಗ್ಗೆ ಪುಟಗಟ್ಟಲೆ ಬರೆದವನು. ಅವನೇ ತುರ್ತಿಗೆ ಬೇಕಾದ ಮದ್ದುಗಳ ಒಂದು ಕೈಪಿಡಿಯನ್ನೂ ಬರೆದ. ದುಬಾರಿ ಸಾಮಾನು ಕೊಳ್ಳಲಾಗದವರಿಗೆ, ಹಿತ್ತಲಲ್ಲಿ ಸಿಗುವುದನ್ನು ಬಳಸಿ. ಅದರಲ್ಲಿ ಬಿಟ್ಟುಬಿಟ್ಟು ಬರುವ ಜ್ವರಕ್ಕೆ ಒಂದು ಸಾಲು: ಚಿಂಗ್‌ಹಾವ್ ಗಿಡ ಒಂದು ಹಿಡಿ, ಎರಡು ಅಳತೆ ನೀರಲ್ಲಿ ನೆನೆಸಿ, ಹಿಂಡಿ, ರಸ ಪೂರ್ತಿ ಕುಡಿಯಿರಿ. 1967ರ ಮೇ 23ರಂದು ಚೀನಾ ಸರ್ಕಾರ ಮಲೇರಿಯಾ ಮದ್ದಿಗಾಗಿ ಗುಪ್ತ ಯೋಜನೆಯೊಂದನ್ನು ಶುರು ಮಾಡಿತು. ಅದರಲ್ಲಿದ್ದ ವಿಜ್ಞಾನಿ ತು ಯೂಯೂ ಈ ಸಾಲನ್ನು ಓದಿದರು. ಕುದಿಸಿ ಎಂದಿಲ್ಲ, ಹಿಂಡಿ ಎಂದಿದೆ. ಹಾಗಾದರೆ ಶಾಖಕ್ಕೆ ಸತ್ವ ಹಾಳಾಗುತ್ತಿರಬಹುದೇ? 1971ರಲ್ಲಿ ಈಥರ್ ಬಳಸಿ ಕಡಿಮೆ ಶಾಖದಲ್ಲಿ ಸತ್ವ ತೆಗೆದರು. ಅದರಲ್ಲಿದ್ದ ಮಲೇರಿಯಾ ಮದ್ದೇ ಆರ್ಟೆಮಿಸಿನಿನ್. 2015ರಲ್ಲಿ ನೊಬೆಲ್ ಬಂತು. ದಾವೋ ವೈದ್ಯದ ಗೆಲುವು ಎಂದು ಇದನ್ನು ಮೆರೆಸುವವರಿದ್ದಾರೆ. ಆ ಸಾಲನ್ನು ಇನ್ನೊಮ್ಮೆ ಓದಿ ನೋಡಿ. ಯಿನ್ ಇಲ್ಲ, ಯಾಂಗ್ ಇಲ್ಲ, ಐದು ತತ್ವ ಇಲ್ಲ. ಒಂದು ಹಿಡಿ ಸೊಪ್ಪು, ನೀರು, ಹಿಂಡುವ ಕೈ.

ಯಾವುದು ಮೊದಲು

ಮತ್ತೆ ಆ ಮೊದಲ ಅಧ್ಯಾಯದ ಮಾತು. ಹುವಾಂಗ್‌ದಿ ಕೇಳಿದ್ದು ಎರಡು ಪ್ರಶ್ನೆ. ಕಾಲ ಬದಲಾಯಿತೇ, ಜನ ದಾರಿ ತಪ್ಪಿದರೇ? ಚೀ ಬೋ ಉತ್ತರ ಕೊಟ್ಟದ್ದು ಎರಡನೆಯದಕ್ಕೆ ಮಾತ್ರ. ನೀವು ಕುಡಿದಿರಿ, ನೀವು ಹೊತ್ತಲ್ಲದ ಹೊತ್ತಲ್ಲಿ ಎದ್ದಿರಿ. ಕಾಲದ ಸುದ್ದಿಯೇ ಇಲ್ಲ. ಕ್ರಿಸ್ತಪೂರ್ವದ ರೈತ ಯಾಕೆ ಐವತ್ತಕ್ಕೆ ಬಸವಳಿಯುತ್ತಿದ್ದ? ಕಂದಾಯ, ಬಿಟ್ಟಿ ದುಡಿಮೆ, ಕಡ್ಡಾಯ ಸೈನ್ಯ ಯಾವುದೂ ಲೆಕ್ಕಕ್ಕಿಲ್ಲ. ಕೇಳುತ್ತಿರುವವನೇ ಚಕ್ರವರ್ತಿ ತಾನೇ, ಚೀ ಬೋ ಬೇರೆ ಏನು ಹೇಳಿಯಾನು ಅಂತಲೂ ಅನ್ನಿಸುತ್ತದೆ. ಬಾರದ ಕಾಯಿಲೆಗೆ ಮೊದಲೇ ಮದ್ದು ಮಾಡು ಎಂಬ ಮಾತು ಎಷ್ಟು ಚೆಂದವೋ ಅಷ್ಟೇ ಅಪಾಯ. ಕಾಯಿಲೆ ಬಂದರೆ ತಪ್ಪು ನಿನ್ನದೇ ಎಂದು ಅದು ಬೇಗ ತಿರುಗಿಬಿಡುತ್ತದೆ. ಇವತ್ತಿನ ವೆಲ್‌ನೆಸ್ ವ್ಯಾಪಾರ ಪೂರಾ ನಿಂತಿರುವುದು ಆ ತಿರುವಿನ ಮೇಲೆ.

ಟ್ಯಾಕ್ಸಿ ಅಂಕಲ್‌ಗೆ ವೈದ್ಯರು ಆಮೇಲೆ ಹೇಳಿದ್ದು ನನಗೆ ಅವರಿಂದಲೇ ತಿಳಿಯಿತು. ಹಗಲು ಕರ್ಟನ್ ಎಳೆದು ಮಲಗಿ, ಮಧ್ಯಾಹ್ನ ಎರಡನ್ನೇ ನಿಮ್ಮ ಮಧ್ಯರಾತ್ರಿ ಅಂದುಕೊಳ್ಳಿ, ರಾತ್ರಿ ಕಾಫಿ ಕಡಿಮೆ ಮಾಡಿ, ಎರಡು ಟ್ರಿಪ್ಪಿನ ನಡುವೆ ಇಳಿದು ನಡೆಯಿರಿ. ಪುಸ್ತಕದ ಪ್ರಕಾರ ಇದು ಅಧರ್ಮ. ಹಗಲಲ್ಲಿ ಯಾಂಗ್ ಏರುತ್ತದೆ, ಆಗ ಮಲಗುವುದು ಪ್ರಕೃತಿಗೆ ವಿರುದ್ಧ. ನನಗಂತೂ ಚಳಿಗಾಲದ ಉಪದೇಶಕ್ಕಿಂತ ಇದರಲ್ಲೇ ದಾವೋ ಜಾಸ್ತಿ ಕಂಡಿತು.

ವಾಂಗ್ ಬಿಂಗ್‌ಗೆ ಸುಮಾರು ನೂರಹತ್ತು ವರ್ಷ ಹಿಂದೆ, 652ರ ಆಸುಪಾಸಿನಲ್ಲಿ, ಸುನ್ ಸಿಮ್ಯಾವೋ ಎಂಬ ಇನ್ನೊಬ್ಬ ದಾವೋ ವೈದ್ಯ ಮೂವತ್ತು ಸಂಪುಟಗಳ ಗ್ರಂಥ ಕಟ್ಟಿದ್ದ. ಮನುಷ್ಯ ಜೀವದ ಬೆಲೆ ಸಾವಿರ ಚಿನ್ನಕ್ಕಿಂತ ಹೆಚ್ಚು ಎನ್ನುವುದೇ ಅದರ ಹೆಸರಿನ ಕಥೆ. ಗಳಗಂಡಕ್ಕೆ ಸಮುದ್ರದ ಪಾಚಿ, ಇರುಳುಗಣ್ಣಿಗೆ ಪ್ರಾಣಿಗಳ ಪಿತ್ತಜನಕಾಂಗ ತಿನ್ನಿಸಿ ಎಂದವನು. ರೋಗಿ ಬಂದರೆ ಬಡವನೋ ಬಲ್ಲಿದನೋ, ಶತ್ರುವೋ ಮಿತ್ರನೋ, ನಮ್ಮವನೋ ಹೊರಗಿನವನೋ ಕೇಳಬೇಡ ಎಂದು ವೈದ್ಯರಿಗೆ ಬರೆದವನು. ಸಿಂಗಪುರದಲ್ಲಿ 1867ರಿಂದ ನಡೆಯುತ್ತಿರುವ ಥೋಂಗ್ ಚಾಯ್ ಆಸ್ಪತ್ರೆ ಜಾತಿ ಮತ ನೋಡದೆ ಬಿಟ್ಟಿ ನಾಡಿ ನೋಡುವುದೂ ಇದೇ ಧಾಟಿಯಲ್ಲಿ. ಭಾರತದ ಗಂಧ ಕೂಡ ಸುನ್‌ಗೆ ತಾಗಿತ್ತು. ಬುದ್ಧನ ಕಾಲದ ವೈದ್ಯ ಜೀವಕನ ಹೆಸರು ಅವನಿಗೆ ಗೊತ್ತು. ‘ಬ್ರಾಹ್ಮಣರ ವಿಧಾನ’ ಎಂದು ಹೇಳಿ ಭಾರತದ ಹದಿನೆಂಟು ಬಗೆಯ ಅಂಗಮರ್ದನವನ್ನೂ ಸೇರಿಸಿದ್ದಾನೆ.

ನನಗೆ ಮುಖ್ಯ ಅನ್ನಿಸುವುದು ಅವನ ಗ್ರಂಥದ ಕ್ರಮ. ಮೊದಲ ಸಂಪುಟ ಪೀಠಿಕೆ. ಎರಡು, ಮೂರು, ನಾಲ್ಕು ಹೆಂಗಸರ ಕಾಯಿಲೆಗಳು: ಬಸಿರು, ಹೆರಿಗೆ, ಬಾಣಂತನ. ಐದನೆಯದು ಮಕ್ಕಳದ್ದು. ಬೇರೆಲ್ಲ ಕಾಯಿಲೆಗಳು ಇವಾದ ಮೇಲೆ. ಯಾಕೆ ಹೀಗೆ ಎನ್ನುವುದಕ್ಕೆ ಕಾರಣವನ್ನೂ ಕೊಡುತ್ತಾನೆ, ಜೀವ ಶುರುವಾಗುವುದೇ ಅಲ್ಲಿಂದ ಅಂತ. ಅವನೂ ದಾವೋದವನೇ. ಉಸಿರಾಟ, ಮಿತಾಹಾರ, ದೀರ್ಘಾಯುಷ್ಯ, ಮನಸ್ಸನ್ನು ಖಾಲಿ ಇಡುವುದು ಎಲ್ಲ ಅವನಿಗೂ ಬೇಕು, ಎಲ್ಲವನ್ನೂ ಬರೆದಿದ್ದಾನೆ. ಅದನ್ನು ಇಟ್ಟದ್ದು ಮಾತ್ರ ಇಪ್ಪತ್ತೇಳನೇ ಸಂಪುಟದಲ್ಲಿ. ಇಬ್ಬರು ಸಂಪಾದಕರಲ್ಲಿ ನನ್ನ ಓಟು ಇವನಿಗೆ.